ಕ್ಷಾರ ಭೂಮಿಯಲ್ಲಿ ನೀರು ಇಂಗದಿರಲು ಕಾರಣವೇನು?

ತುಂಗಭದ್ರಾ ಅಚ್ಚುಕಟ್ಟಿನ ಎರೆಭೂಮಿಯ ಕೆಲವು ಹೊಲಗಳಲ್ಲಿ ಮಳೆ ನಿಂತ ಮೇಲೂ ಬಗ್ಗಡ ನೀರು ದಿನಗಟ್ಟಲೆ ತಿಳಿಯಾಗದೆ ನಿಂತಿರುತ್ತದೆ. ಒಣಗಿದ ಮೇಲೆ ಮೇಲ್ಪದರ ಗಟ್ಟಿಯಾಗಿ ಮೊಳಕೆ ಮೇಲೇಳುವುದಿಲ್ಲ. ಇದರ ಕಾರಣ ಮಣ್ಣಿನ ಅತಿ ಸೂಕ್ಷ್ಮ ಕಣಗಳಲ್ಲಿದೆ.

ಕಣಗಳ ಮೇಲಿನ ಶಕ್ತಿಗಳು

ಜೇಡಿ ಕಣಗಳು 0.002 ಮಿ.ಮೀ.ಗಿಂತ ಚಿಕ್ಕವು. ಇವುಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಬಹಳ ಸಮೀಪ ಬಂದಾಗ ಮಾತ್ರ ಪರಸ್ಪರ ಆಕರ್ಷಣೆ ಮೇಲುಗೈ ಪಡೆದು ಕಣಗಳು ಗುಂಪುಗೂಡುತ್ತವೆ. ಈ ಎರಡು ಶಕ್ತಿಗಳ ಲೆಕ್ಕವನ್ನು 1941ರಲ್ಲಿ ಡೆರ್ಯಾಗಿನ್ ಮತ್ತು ಲಾಂಡೌ, 1948ರಲ್ಲಿ ವೆರ್ವೆ ಮತ್ತು ಓವರ್‌ಬೀಕ್ ವಿವರಿಸಿದರು.

ಕಣದ ಸುತ್ತ ಧನ ಅಯಾನುಗಳ ಹೊದಿಕೆಯಿರುತ್ತದೆ. ಸೋಡಿಯಂ ಹೆಚ್ಚಾಗಿದ್ದರೆ ಹೊದಿಕೆ ದಪ್ಪವಾಗಿ ಕಣಗಳು ಸಮೀಪಿಸಲಾರವು. ಬಿಡಿಬಿಡಿಯಾಗಿ ತೇಲಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಎರಡು ಧನಾಂಶಗಳಿರುವ ಕ್ಯಾಲ್ಸಿಯಂ ಇದ್ದರೆ ಹೊದಿಕೆ ತೆಳುವಾಗಿ ಕಣಗಳು ಕೂಡಿಕೊಳ್ಳುತ್ತವೆ. ನೀರು, ಗಾಳಿಗೆ ದಾರಿಯಾಗುತ್ತದೆ. ನೀರಿನಲ್ಲಿ ಲವಣ ಹೆಚ್ಚಿದ್ದರೂ ಹೊದಿಕೆ ತೆಳುವಾಗುತ್ತದೆ.

ಹೊಲದಲ್ಲೇ ಪರೀಕ್ಷೆ

ಒಣಗಿದ ಸಣ್ಣ ಹೆಂಟೆಯೊಂದನ್ನು ಗಾಜಿನ ಲೋಟದಲ್ಲಿರುವ ಮಳೆ ನೀರಿನಲ್ಲಿ ಕಲಕದೆ ಒಂದು ದಿನ ಇಡಬೇಕು. ಹೆಂಟೆಯ ಸುತ್ತ ಹಾಲಿನಂತೆ ಬಗ್ಗಡ ಹರಡಿದರೆ ಸೋಡಿಯಂ ಹೆಚ್ಚಿರುವ ಸಂಭವವಿದೆ. ಅದಕ್ಕೆ ಚಿಟಿಕೆ ಜಿಪ್ಸಂ ಪುಡಿ ಹಾಕಿ ಕಲಕಿಟ್ಟರೆ ಕಣಗಳು ಗುಂಪುಗೂಡಿ ತಳಕ್ಕಿಳಿಯುವುದನ್ನು ಕಾಣಬಹುದು. ಕೊಳವೆ ಬಾವಿಯ ನೀರಿನಲ್ಲಿ ಲವಣವಿರಬಹುದಾದ್ದರಿಂದ ಈ ಪರೀಕ್ಷೆಗೆ ಅದನ್ನು ಬಳಸಬಾರದು.

ಎಚ್ಚರಿಕೆ

ಸವಳು ಮತ್ತು ಕ್ಷಾರ ಎರಡೂ ಇರುವ ಭೂಮಿಯಲ್ಲಿ ಲವಣವೇ ಕಣಗಳನ್ನು ಹಿಡಿದಿಟ್ಟಿರುತ್ತದೆ. ಇಲ್ಲಿ ಬಗ್ಗಡ ಕಾಣದೆ ಹೋಗಬಹುದು. ಜಿಪ್ಸಂ ಹಾಕದೆ ಸಿಹಿ ನೀರಿನಿಂದ ತೊಳೆದರೆ ಲವಣ ಹೋಗಿ ಸೋಡಿಯಂ ಉಳಿಯುತ್ತದೆ. ಮೊದಲು ನೀರು ಇಂಗುತ್ತಿದ್ದ ಹೊಲವೂ ಕೆಟ್ಟುಹೋಗುತ್ತದೆ. ಆದ್ದರಿಂದ ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು. ರಸಸಾರ 8.5ಕ್ಕಿಂತ ಹೆಚ್ಚಿದ್ದು, ವಿನಿಮಯ ಸೋಡಿಯಂ ಶೇ. 15ನ್ನು ಮೀರಿದ್ದರೆ ಅದು ಕ್ಷಾರ ಭೂಮಿ.

ಸುಧಾರಣಾ ಕ್ರಮ

1. ಮೊದಲು ಬಸಿಗಾಲುವೆ ತೆಗೆಯಬೇಕು. ಹೊರಬಂದ ಸೋಡಿಯಂ ಹರಿದುಹೋಗದಿದ್ದರೆ ಜಿಪ್ಸಂಗೆ ಮಾಡಿದ ಖರ್ಚು ವ್ಯರ್ಥ.

2. ಭೂಮಿಯನ್ನು ಸಮಮಾಡಿ ಬದು ಹಾಕಬೇಕು.

3. ವರದಿಯಲ್ಲಿ ಸೂಚಿಸಿದಷ್ಟು ಜಿಪ್ಸಂ ಪುಡಿಯನ್ನು ಮೇಲ್ಮಣ್ಣಿನಲ್ಲಿ ಬೆರೆಸಬೇಕು.

4. ನಂತರ ಒಳ್ಳೆಯ ನೀರು ನಿಲ್ಲಿಸಿ ಬಸಿಯಬೇಕು. ಒಂದು ಲೀಟರ್ ನೀರಿನಲ್ಲಿ ಸುಮಾರು 2.5 ಗ್ರಾಂ ಜಿಪ್ಸಂ ಮಾತ್ರ ಕರಗುವುದರಿಂದ ಹಲವು ಸಲ ನೀರು ಕೊಡಬೇಕಾಗುತ್ತದೆ.

ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ, ಕೊನೆಗೆ ನೀರು: ಈ ಕ್ರಮ ತಪ್ಪದಿದ್ದರೆ ಭೂಮಿ ಮತ್ತೆ ಬೆಳೆಗೆ ಒದಗುವುದು.