ಆರ್‌ಸೈಜ್, ಡಬ್ಲ್ಯುಸೈಜ್: ಅಂಕಿ ಬದಲಿಸುವ ಮುನ್ನ ಎಂಟು ಸೂತ್ರಗಳು

ಎನ್‌ಎಫ್‌ಎಸ್ ನಿಧಾನ ಎಂದು ಯಾರಾದರೂ ಗೊಣಗಿದರೆ ಸಾಕು, ಅಡ್ಮಿನ್ ಕೈ ಎಫ್‌ಎಸ್‌ಟ್ಯಾಬ್ ಫೈಲಿಗೆ ಹೋಗುತ್ತದೆ. ಒಂದು ಕೋರಿಕೆಯಲ್ಲಿ ಕ್ಲೈಂಟ್ ಹೆಚ್ಚೆಂದರೆ ಎಷ್ಟು ಬೈಟ್ ಓದಬಹುದು ಎನ್ನುವುದು ಆರ್‌ಸೈಜ್, ಎಷ್ಟು ಬರೆಯಬಹುದು ಎನ್ನುವುದು ಡಬ್ಲ್ಯುಸೈಜ್. ಇವನ್ನು ಮುಟ್ಟುವ ಮೊದಲು ಕೆಳಗಿನವು ಗೊತ್ತಿರಲಿ.

1. ಮೊದಲು ಏನನ್ನೂ ಬರೆಯದೆ ಮೌಂಟ್ ಮಾಡಿ. ಅಂಕಿ ಕೊಡದಿದ್ದರೆ ಲಿನಕ್ಸ್ ಕ್ಲೈಂಟ್ ಮತ್ತು ಸರ್ವರ್ ಮಾತಾಡಿಕೊಂಡು, ಇಬ್ಬರಿಗೂ ಒಪ್ಪುವ ಅತಿ ದೊಡ್ಡ ಗಾತ್ರಕ್ಕೆ ಬರುತ್ತವೆ. ಸಾಮಾನ್ಯವಾಗಿ ಅದು 1048576, ಅಂದರೆ 1 ಎಂಬಿ. ಹಳೆಯ ಎಫ್‌ಎಸ್‌ಟ್ಯಾಬ್‌ಗಳಲ್ಲಿ ಇನ್ನೂ ಕಾಣುವ 8192 ಎನ್‌ಎಫ್‌ಎಸ್ ಎರಡನೇ ಆವೃತ್ತಿಯ ಮಿತಿ. 1995ರಲ್ಲಿ ಬಂದ ಮೂರನೇ ಆವೃತ್ತಿಯೇ ಅದನ್ನು ಕಿತ್ತುಹಾಕಿತು. ಆ ಸಾಲನ್ನು ಉಳಿಸಿಕೊಂಡರೆ 1 ಜಿಬಿ ಫೈಲ್ ಓದಲು 1,31,072 ಕೋರಿಕೆ ಬೇಕು. 1 ಎಂಬಿ ಇದ್ದರೆ 1,024 ಸಾಕು.

2. ಕೇಳಿದ್ದನ್ನಲ್ಲ, ಸಿಕ್ಕಿದ್ದನ್ನು ನೋಡಿ. ಎನ್‌ಎಫ್‌ಎಸ್‌ಸ್ಟ್ಯಾಟ್ ಆಜ್ಞೆಯನ್ನು ಎಂ ಆಯ್ಕೆಯೊಂದಿಗೆ ಓಡಿಸಿ, ಇಲ್ಲವೇ ಪ್ರಾಕ್ ಕೆಳಗಿನ ಮೌಂಟ್ಸ್ ಫೈಲ್ ತೆರೆಯಿರಿ. ನೀವು 1048576 ಕೇಳಿದ್ದರೂ ಅಲ್ಲಿ 262144 ಎಂದಿರಬಹುದು. ಕ್ಲೈಂಟನ್ನು ಬೈಯಬೇಡಿ, ಕಾರಣ ಆಚೆ ಬದಿಯಲ್ಲಿದೆ. ಲಿನಕ್ಸ್ ಸರ್ವರ್ ತನ್ನ ಮೆಮೊರಿಯ 4096ನೇ ಒಂದು ಭಾಗವನ್ನು ಅಂದಾಜಿಗೆ ಇಟ್ಟುಕೊಂಡು ಗರಿಷ್ಠ ಗಾತ್ರ ನಿಗದಿ ಮಾಡುತ್ತದೆ. 2 ಜಿಬಿಯ ಪುಟ್ಟ ವರ್ಚುವಲ್ ಮಷಿನ್‌ನಲ್ಲಿ ಓಡುವ ಸರ್ವರಿಗೆ 1 ಎಂಬಿ ಕೊಡುವ ಧೈರ್ಯವಿಲ್ಲ. ಏರಿಸಲೇಬೇಕಿದ್ದರೆ ಸರ್ವರಿನ ಮ್ಯಾಕ್ಸ್ ಬ್ಲಾಕ್ ಸೈಜ್ ಬದಲಿಸಿ, ಆದರೆ ಎನ್‌ಎಫ್‌ಎಸ್‌ಡಿ ನಿಂತಿರುವಾಗ ಮಾತ್ರ.

3. 1024ರ ಗುಣಕವನ್ನೇ ಕೊಡಿ. 5000 ಎಂದು ಬರೆದರೆ ಸದ್ದಿಲ್ಲದೆ 4096 ಆಗುತ್ತದೆ.

4. ರಿಮೌಂಟ್ ಮಾಡಿದರೆ ಗಾತ್ರ ಬದಲಾಗದು. ಅನ್‌ಮೌಂಟ್ ಮಾಡಿ, ಮತ್ತೆ ಮೌಂಟ್ ಮಾಡಿ. ಬಳಕೆದಾರರಿಗೆ ಮೊದಲೇ ಹೇಳಿ; ಇಲ್ಲವಾದರೆ ಬೈಗುಳ ಖಚಿತ.

5. ಯುಡಿಪಿ ಬಿಟ್ಟುಬಿಡಿ. 1500 ಎಂಟಿಯು ಇರುವ ಜಾಲದಲ್ಲಿ 32 ಕೆಬಿಯ ಒಂದು ಯುಡಿಪಿ ಸಂದೇಶ ಇಪ್ಪತ್ತಕ್ಕೂ ಹೆಚ್ಚು ತುಂಡುಗಳಾಗುತ್ತದೆ. ಒಂದು ಕಳೆದರೂ ಇಡೀ 32 ಕೆಬಿ ಮತ್ತೆ ಕಳಿಸಬೇಕು. ಅದಕ್ಕಿಂತ ಭಯಂಕರ ಸಂಗತಿ, ತುಂಡುಗಳ ಗುರುತಿನ ಸಂಖ್ಯೆ ಬರೀ 16 ಬಿಟ್. ವೇಗದ ಜಾಲದಲ್ಲಿ ಅದು ಬೇಗ ಒಂದು ಸುತ್ತು ಮುಗಿಸಿ, ಬೇರೆ ಬೇರೆ ಸಂದೇಶಗಳ ತುಂಡುಗಳು ಬೆರೆತು, ಡೇಟಾ ಯಾರಿಗೂ ತಿಳಿಯದಂತೆ ಕೆಡಬಹುದು. ಲಿನಕ್ಸ್ 5.6ರಿಂದ ಕರ್ನಲ್‌ನಲ್ಲೇ ಯುಡಿಪಿ ಮೇಲಿನ ಎನ್‌ಎಫ್‌ಎಸ್ ಡಿಫಾಲ್ಟ್ ಆಗಿ ಬಂದ್.

6. ಅಳೆಯುವಾಗ ಕ್ಯಾಶ್‌ಗೆ ಮೋಸಹೋಗಬೇಡಿ. ಒಮ್ಮೆ ಓದಿದ ಫೈಲನ್ನೇ ಮತ್ತೆ ಓದಿ "ವೇಗ ಹತ್ತು ಪಟ್ಟು" ಎನ್ನುವವರು ಅಳೆದದ್ದು ತಮ್ಮದೇ ರ್‍ಯಾಮನ್ನು. ಮೆಮೊರಿಗಿಂತ ದೊಡ್ಡ ಫೈಲ್ ಬಳಸಿ, ಅಥವಾ ಪ್ರತಿ ಸಲವೂ ಅನ್‌ಮೌಂಟ್ ಮಾಡಿ. ಬರೆಯುವುದನ್ನು ಅಳೆಯಲು ಡಿಡಿ ಆಜ್ಞೆಗೆ ಎಫ್‌ಸಿಂಕ್ ಸೇರಿಸಿ. ಸರ್ವರಿನಲ್ಲಿ ಕಂಪ್ರೆಷನ್ ಇದ್ದರೆ ಬರೀ ಸೊನ್ನೆಗಳ ಫೈಲ್ ಏನನ್ನೂ ಹೇಳುವುದಿಲ್ಲ.

7. ರೀಡ್-ಅಹೆಡ್ ಪರೀಕ್ಷಿಸಿ. ನನ್ನ ಪ್ರಕಾರ ಹೆಚ್ಚಿನವರು ಎಡವುವುದು ಇಲ್ಲೇ. ಹಿಂದೆ ಕ್ಲೈಂಟ್ ಆರ್‌ಸೈಜ್‌ನ 15 ಪಟ್ಟು ಮುಂದಾಗಿಯೇ ಓದಿಟ್ಟುಕೊಳ್ಳುತ್ತಿತ್ತು. ಲಿನಕ್ಸ್ 5.4ರಿಂದ ಡಿಫಾಲ್ಟ್ 128 ಕೆಬಿಗೆ ಇಳಿಯಿತು. ಹೀಗಾಗಿ ಆರ್‌ಸೈಜ್ 1 ಎಂಬಿ ಎಂದು ಮೆರೆಯುತ್ತಿದ್ದರೂ, ಸಾಲಾಗಿ ಓದುವ ಪ್ರೋಗ್ರಾಂ ಕಳಿಸುವ ಕೋರಿಕೆಗಳು ಸಣ್ಣವೇ. ಎನ್‌ಎಫ್‌ಎಸ್‌ಐಒಸ್ಟ್ಯಾಟ್‌ನಲ್ಲಿ ಪ್ರತಿ ಕಾರ್ಯಕ್ಕೆ ಎಷ್ಟು ಕೆಬಿ ಎಂಬ ಅಂಕಣ ನೋಡಿ: 1024ರ ಹತ್ತಿರವೂ ಸುಳಿಯದಿದ್ದರೆ ಆ ಮೌಂಟ್‌ನ ರೀಡ್ ಅಹೆಡ್ ಕೆಬಿ ಏರಿಸಿ. ಆರ್‌ಸೈಜ್ ಇದ್ದ ಹಾಗೇ ಇರಲಿ.

8. ಸಣ್ಣ ಫೈಲುಗಳ ರಾಶಿಗೆ ಈ ಔಷಧಿ ನಾಟುವುದಿಲ್ಲ. ಊರಿನ ಮನೆಮನೆಗೂ ಒಂದೊಂದು ಲಗ್ನಪತ್ರಿಕೆ ಹಂಚುವಾಗ ಲಾರಿ ದೊಡ್ಡದಾದರೆ ಏನು ಬಂತು? ಅಲ್ಲಿ ಸಮಯ ತಿನ್ನುವುದು ಲುಕ್‌ಅಪ್, ಗೆಟ್‌ಆಟ್ರ್ ಮುಂತಾದ ಕೋರಿಕೆಗಳ ಓಡಾಟ. ಗಾತ್ರವನ್ನು ಇಳಿಸಬೇಕಾದ ಸಂದರ್ಭವೂ ಒಂದಿದೆ, ಅದು ನಿಧಾನದ ಲಿಂಕ್. 10 ಎಂಬಿಪಿಎಸ್ ದಾರಿಯಲ್ಲಿ 1 ಎಂಬಿಯ ಒಂದು ಬರಹ ಸುಮಾರು 0.84 ಸೆಕೆಂಡು ತೆಗೆದುಕೊಳ್ಳುತ್ತದೆ. ಅದರ ಹಿಂದೆ ಸಿಕ್ಕಿಬಿದ್ದ ಎಲ್‌ಎಸ್ ಕಾಯಲೇಬೇಕು. ಅಂಥಲ್ಲಿ 32768 ಇಟ್ಟು ನೋಡಿ. ಒಟ್ಟು ವೇಗ ಹೆಚ್ಚುವುದಿಲ್ಲ, ಆದರೆ ಪರದೆ ಸ್ಪಂದಿಸುತ್ತದೆ.