ಜೀರೋ ಬಿಲ್ಲಿನ ಮನೆಗೆ ಆಲಿಕಲ್ಲು ತಂದ ಖರ್ಚು

2023ರ ಆಗಸ್ಟ್‌ನಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಶುರುವಾದ ಮೇಲೆ ಕೋಲಾರ ಕಡೆಯ ನಮ್ಮ ಹೋಳೂರಿನ ಅನೇಕ ಮನೆಗಳ ಕರೆಂಟ್ ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತದ ಎದುರು ಸೊನ್ನೆ ಬಂದು ಕೂತಿದೆ. ತೋಟದ ಮೋಟರ್ ಹತ್ತು ಎಚ್‌ಪಿವರೆಗೆ ಅದಕ್ಕೂ ಎಷ್ಟೋ ಮೊದಲಿನಿಂದಲೇ ಉಚಿತ. ಹೀಗಾಗಿ ಮನೆಯ ಖರ್ಚಿನ ಪುಸ್ತಕದಲ್ಲಿ ಕರೆಂಟಿಗೆಂದು ಒಂದು ಸಾಲೂ ಉಳಿದಿಲ್ಲ. ಆ ಸಾಲು ಮತ್ತೆ ತೆರೆದುಕೊಳ್ಳುವುದು ಅಶ್ವಿನಿ, ಭರಣಿ ಮಳೆಗಳ ಹೊತ್ತಿಗೆ. ಅದೂ ಕರೆಂಟ್ ಇದ್ದಾಗಲ್ಲ, ಹೋದಾಗ.

ಏಪ್ರಿಲ್, ಮೇ ತಿಂಗಳಲ್ಲಿ ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮಳೆ ಸುಮ್ಮನೆ ಬರುವುದಿಲ್ಲ. ಮಧ್ಯಾಹ್ನದವರೆಗೆ ಕಾದ ನೆಲ, ಸಂಜೆಗೆ ಕಪ್ಪು ಮೋಡ, ಮೊದಲು ಗಾಳಿ, ಹಿಂದೆಯೇ ಆಲಿಕಲ್ಲು. ಮಾವಿನ ಕಾಯಿ ಉದುರುತ್ತದೆ, ಟೊಮೆಟೊ ಗಿಡ ಮಲಗುತ್ತದೆ. ಅದೇ ಗಾಳಿಗೆ ನೀಲಗಿರಿ ಮರವೊಂದು 11 ಕೆವಿ ಲೈನಿನ ಮೇಲೆ ಉರುಳಿದರೆ ತಂತಿಯ ಎಳೆತಕ್ಕೆ ಪಕ್ಕದ ಸಿಮೆಂಟ್ ಕಂಬಗಳೂ ಸಾಲಾಗಿ ಮುರಿಯುತ್ತವೆ. ಮಳೆ ಅರ್ಧ ಗಂಟೆಯಲ್ಲಿ ನಿಂತಿರುತ್ತದೆ. ಆದರೆ ಕರೆಂಟ್ ಬರಲು ಹೊಸ ಕಂಬ ತರಬೇಕು, ಕೆಸರಿನಲ್ಲಿ ಗುಂಡಿ ತೋಡಬೇಕು, ತಂತಿ ಎಳೆಯಬೇಕು. ‘ಯಾವಾಗ ಬತ್ತದಣ್ಣಾ ಕರೆಂಟು?’ ಎಂದು ಕೇಳಿದರೆ ಲೈನ್‌ಮ್ಯಾನ್ ಆಕಾಶ ನೋಡುತ್ತಾನೆ.

ಚಳಿದೇಶಗಳಲ್ಲಿ ಇದರ ದೊಡ್ಡ ರೂಪವೇ ಐಸ್ ಸ್ಟಾರ್ಮ್. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮಳೆನೀರು ತಂತಿಯ ಮೇಲೆಯೇ ಹೆಪ್ಪುಗಟ್ಟಿ, ಅದರ ಭಾರಕ್ಕೆ ಉಕ್ಕಿನ ಗೋಪುರಗಳು ಕುಸಿದವು. ಕೆಲವು ಕಡೆ ಒಂದು ತಿಂಗಳಾದರೂ ದೀಪ ಹತ್ತಲಿಲ್ಲ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕೊರೆಯುವ ಚಳಿಗೆ 45 ಲಕ್ಷ ಮನೆಗಳು ಕತ್ತಲಾದವು. ಅಲ್ಲಿ ಸಗಟು ವಿದ್ಯುತ್ತಿನ ದರ ಯೂನಿಟ್ಟಿಗೆ ಒಂಬತ್ತು ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ₹650 ಮುಟ್ಟಿತು. ಸಗಟು ದರಕ್ಕೆ ಒಪ್ಪಂದ ಮಾಡಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು. ಹೋಳೂರಿನಲ್ಲಿ ಅಂಥ ಬಿಲ್ ಬರುವುದಿಲ್ಲ. ಇಲ್ಲಿನ ಖರ್ಚು ಟ್ಯಾಂಕರ್, ಡೀಸೆಲ್, ಹಾಲು, ಸುಟ್ಟ ಟಿವಿ ಎಂದು ಚಿಲ್ಲರೆಯಾಗಿ ಹರಿದುಹೋಗುತ್ತದೆ. ಅದಕ್ಕೇ ಲೆಕ್ಕಕ್ಕೆ ಸಿಗುವುದಿಲ್ಲ.

ಅಂಥದ್ದೊಂದು ಆಲಿಕಲ್ಲು ಮಳೆಯ ನಂತರ ಈ ಅಂಕಣಕಾರನ ಮನೆಯಲ್ಲೂ ಕೆಲವು ದಿನ ಕರೆಂಟ್ ಇರಲಿಲ್ಲ. ಮೊದಲ ರಾತ್ರಿಯೇ ಇನ್ವರ್ಟರ್ ಕೀಂ ಎಂದು ಕೂಗಿ ಮಲಗಿತು. ಬೆಳಿಗ್ಗೆ ಮನೆಯವರು ಚಿಂತಿಸಿದ್ದು ಫ್ಯಾನಿನ ಬಗ್ಗೆ ಅಲ್ಲ, ಕೊಟ್ಟಿಗೆಯ ಎರಡು ಸೀಮೆ ಹಸುಗಳ ಬಗ್ಗೆ. ಹಾಲು ಕೊಡುವ ಸೀಮೆ ಹಸು ಬೇಸಿಗೆಯಲ್ಲಿ ದಿನಕ್ಕೆ 80ರಿಂದ 100 ಲೀಟರ್ ನೀರು ಕುಡಿಯುತ್ತದೆ. ನೀರು ಕಡಿಮೆಯಾದರೆ ಆ ಹೊತ್ತಿನ ಹಾಲೇ ಕಡಿಮೆ, ಡೇರಿಯ ಬಟವಾಡೆಯೂ ಕಡಿಮೆ. ಮೇವು ಕತ್ತರಿಸುವ ಮೆಷಿನ್ ನಿಂತಿದ್ದರಿಂದ ಕೈಗೆ ಮಚ್ಚು ಬಂತು, ಅದಕ್ಕೊಂದು ಆಳಿನ ಕೂಲಿ ಸೇರಿತು. ಮನೆಯ ಹಿರಿಯರ ಇನ್ಸುಲಿನ್ ಬಾಟಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಸಿಕೊಂಡು, ಒದ್ದೆ ಮರಳಿನ ಮೇಲೆ ಕೂರಿಸಿದ ಮಡಕೆಯೊಳಗೆ ಹೋಯಿತು. ಬಾಯಿಗೆ ಒದ್ದೆ ಬಟ್ಟೆ. ಇದಕ್ಕೆ ಮಾತ್ರ ಒಂದು ಪೈಸೆ ಖರ್ಚಾಗಲಿಲ್ಲ.

ಕರೆಂಟ್ ಬಂದ ಮೇಲೆ ಅಂಕಣಕಾರ ಚೀಟಿಗಳನ್ನು ಮುಂದಿಟ್ಟುಕೊಂಡು ಕೂಡಿಸಿದ. ನೀರಿನ ಟ್ಯಾಂಕರ್ ಎಲ್ಲಕ್ಕಿಂತ ಮೇಲಿತ್ತು. ಎರಡನೆಯದು ಮೇವಿನ ಕೂಲಿ. ದೀಪ, ಫ್ಯಾನು, ಫೋನ್ ಚಾರ್ಜ್ ಇವೆಲ್ಲ ಸೇರಿ ಕೊನೆಗೆ. ಆದರೆ ಅಲ್ಲಿಯವರೆಗೆ ಮನೆಯಲ್ಲಿ ‘ಕರೆಂಟ್ ಹೋದರೆ’ ಎಂದು ಖರ್ಚು ಮಾಡಿದ ಹಣವೆಲ್ಲ ಆ ಕೊನೆಯ ಬಾಬ್ತಿಗೇ ಹೋಗಿತ್ತು. ಊರಿನ ಬಹಳ ಮನೆಗಳ ಕಥೆ ಇದೇ.

ನೀರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಾವಿರ ಅಡಿ ಆಳದ ಬೋರ್‌ವೆಲ್‌ನಿಂದ ಸಾವಿರ ಲೀಟರ್ ನೀರನ್ನು ಮೇಲೆತ್ತಲು ಭೌತಶಾಸ್ತ್ರದ ಪ್ರಕಾರ ಬೇಕಾದ್ದು 0.8 ಯೂನಿಟ್. ಪಂಪು, ಮೋಟರ್, ಪೈಪುಗಳ ನಷ್ಟ ಸೇರಿದರೆ ಸುಮಾರು ಎರಡು ಯೂನಿಟ್. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ ಇರುವುದು 1.8 ಯೂನಿಟ್, ಕೈಗೆ ಸಿಗುವುದು 1.2ರ ಆಸುಪಾಸು. ಅಂದರೆ ತುಂಬಿದ ಒಂದು ಸಾವಿರ ಲೀಟರ್ ಟ್ಯಾಂಕು ಒಂದು ದೊಡ್ಡ ಇನ್ವರ್ಟರ್ ಬ್ಯಾಟರಿಗಿಂತ ಹೆಚ್ಚಿನ ಕೆಲಸವನ್ನು ಒಳಗಿಟ್ಟುಕೊಂಡಿರುತ್ತದೆ. ಬೆಲೆ ಬ್ಯಾಟರಿಯ ಅರ್ಧ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವಿಲ್ಲ, ನಾಲ್ಕೈದು ವರ್ಷಕ್ಕೆ ಬದಲಿಸುವ ಮಾತಿಲ್ಲ.

ಎಷ್ಟು ಟ್ಯಾಂಕು ಬೇಕು? ಜಲಜೀವನ್ ಮಿಷನ್ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿದೆ. ನಾಲ್ಕು ಜನಕ್ಕೆ 220, ಎರಡು ಹಸುವಿಗೆ 200. ಒಟ್ಟು 420 ಲೀಟರ್. ಒಂದು ಟ್ಯಾಂಕಿಗೆ ಎರಡು ದಿನ ದಾಟುತ್ತದೆ, ಎರಡಿದ್ದರೆ ಐದು ದಿನಕ್ಕೆ ಹತ್ತಿರ. ಮೋಡ ಕಟ್ಟಿದ ಸಂಜೆ ಮೊದಲು ಮೋಟರ್ ಹಾಕಿ ಎರಡನ್ನೂ ತುಂಬಿಸಿಕೊಳ್ಳುವುದು ಅಂಕಣಕಾರನ ಮನೆಯಲ್ಲಿ ಈಗ ರೂಢಿ. ಊರಿನ ದೀಪದ ಲೈನ್ ಬೇರೆ, ತೋಟದ ತ್ರೀ ಫೇಸ್ ಲೈನ್ ಬೇರೆ ಆಗಿರುವ ಕಡೆ ಇನ್ನೊಂದು ಮಾತು ನೆನಪಿರಬೇಕು: ಮನೆಗೆ ಬೆಳಕು ಬಂದ ದಿನವೇ ಬೋರ್‌ವೆಲ್‌ಗೂ ಕರೆಂಟ್ ಬರುತ್ತದೆ ಎಂದೇನಿಲ್ಲ. ನೀರಿನ ದಾಸ್ತಾನು ಆ ಹೆಚ್ಚುವರಿ ದಿನಗಳಿಗೂ ಸಾಲಬೇಕು.

ಇನ್ನು ಬ್ಯಾಟರಿ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಎರಡು ಫ್ಯಾನು, ಮೂರು ಎಲ್‌ಇಡಿ ಬಲ್ಬು, ಫೋನುಗಳು ಸೇರಿ 200 ವ್ಯಾಟ್, 1.2 ಯೂನಿಟ್ ಆರು ಗಂಟೆಗೆ ಮುಗಿಯಿತು. ಅದೇ ಜಾಗಕ್ಕೆ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಬಂದರೆ ಒಟ್ಟು 110 ವ್ಯಾಟಿನೊಳಗೆ, ಹನ್ನೊಂದು ಗಂಟೆ. ಎರಡನೇ ಬ್ಯಾಟರಿಯ ಹಣದಲ್ಲಿ ಅರ್ಧಕ್ಕೆ ಎರಡು ಫ್ಯಾನ್ ಬರುತ್ತವೆ, ರಾತ್ರಿ ಪೂರ್ತಿ ಕಳೆಯುತ್ತದೆ. ಮರುದಿನ ಬ್ಯಾಟರಿ ತುಂಬಿಸಲು ಇನ್ವರ್ಟರಿಗೆ ಹೊಂದುವ ಒಂದು 300 ವ್ಯಾಟಿನ ಪ್ಯಾನೆಲ್ ಸಾಕು. ಮಳೆ ಹೊಳವಾದ ಮೇ ಬಿಸಿಲಿಗೆ ಅದು ದಿನಕ್ಕೆ ಒಂದು ಯೂನಿಟ್ಟಿಗಿಂತ ಹೆಚ್ಚು ಕೊಡುತ್ತದೆ.

ಮಾಳಿಗೆಯ ತುಂಬಾ ಸೋಲಾರ್ ಹಾಕಿಸಿದವರು ಬಚಾವಾದರು ಅನ್ನುವ ಹಾಗಿಲ್ಲ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ ₹78,000 ಸಹಾಯಧನ ಸಿಗುತ್ತದೆ. ಆದರೆ ಹೆಚ್ಚಾಗಿ ಹಾಕುವುದು ಆನ್‌ಗ್ರಿಡ್ ವ್ಯವಸ್ಥೆ. ಲೈನಿನಲ್ಲಿ ಕರೆಂಟ್ ಇಲ್ಲದಿದ್ದರೆ ಅದರ ಇನ್ವರ್ಟರ್ ತಾನಾಗಿಯೇ ಆಫ್ ಆಗುತ್ತದೆ; ಹಾಗೆ ಆಗದೆ ಹೋದರೆ ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ನಿಮ್ಮ ಮಾಳಿಗೆಯಿಂದಲೇ ಶಾಕ್ ಹೊಡೆದೀತು. ಹೀಗಾಗಿ ಸುಡುವ ಬಿಸಿಲಿದ್ದೂ, ಪ್ಯಾನೆಲ್ ಇದ್ದೂ ಮನೆ ಕತ್ತಲೆ. ಸಾಲ ಮಾಡಿ ಹಾಕಿಸುವವರು ‘ಕರೆಂಟ್ ಹೋದಾಗ ಇದು ನಡೆಯುತ್ತದೆಯೇ?’ ಎಂದು ಮೊದಲೇ ಕೇಳಬೇಕು. ಆಲಿಕಲ್ಲಿಗೆ ಪ್ಯಾನೆಲ್ ಒಡೆಯುತ್ತದೆಯೇ ಎಂಬುದು ಎರಡನೇ ಪ್ರಶ್ನೆ. ಐಇಸಿ 61215 ಮಾನದಂಡದಲ್ಲಿ 25 ಮಿಲಿಮೀಟರ್ ಗಾತ್ರದ ಮಂಜುಗಡ್ಡೆಯ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷಿಸುತ್ತಾರೆ. ನೆಲ್ಲಿಕಾಯಿ ಗಾತ್ರಕ್ಕೆ ಭರವಸೆ ಇದೆ, ನಿಂಬೆಹಣ್ಣಿನ ಗಾತ್ರಕ್ಕೆ ಇಲ್ಲ.

ಡೀಸೆಲ್ ಜನರೇಟರ್ ಕೊಳ್ಳುವ ಮಾತು ಪ್ರತಿ ಮಳೆಗೂ ಊರಲ್ಲಿ ಏಳುತ್ತದೆ. ಒಂದು ಯೂನಿಟ್ಟಿಗೆ ಸುಮಾರು 0.4 ಲೀಟರ್, ಲೀಟರಿಗೆ ₹90 ಎಂದರೂ ಯೂನಿಟ್ಟಿಗೆ ₹36. ಗ್ರಿಡ್ ದರದ ಸುಮಾರು ಆರು ಪಟ್ಟು. ವರ್ಷಕ್ಕೆ ಕೆಲವೇ ದಿನ ಓಡುವ ಯಂತ್ರಕ್ಕೆ ಒಬ್ಬೊಬ್ಬರೇ ಬಂಡವಾಳ ಹಾಕುವುದಕ್ಕಿಂತ, ಟ್ರ್ಯಾಕ್ಟರ್‌ನಿಂದ ಓಡುವ ಜನರೇಟರ್ ಒಂದನ್ನು ನಾಲ್ಕಾರು ಮನೆಯವರು ಸೇರಿ ಬಾಡಿಗೆಗೆ ತಂದು, ಸರದಿಯ ಮೇಲೆ ತಲಾ ಒಂದು ಗಂಟೆ ಬೋರ್ ಓಡಿಸಿಕೊಂಡರೆ ಆಯಿತು. ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮಾತ್ರ ಜನರೇಟರ್ ಮುಟ್ಟಬಾರದು. ಇಲ್ಲೂ ಕಂಬದ ಮೇಲಿನವನ ಜೀವದ ಪ್ರಶ್ನೆ.

ದೊಡ್ಡ ನಷ್ಟ ಎಷ್ಟೋ ಸಲ ಆಗುವುದು ಕರೆಂಟ್ ಬಂದ ಗಳಿಗೆಯಲ್ಲಿ. ಗಾಳಿಗೆ ನ್ಯೂಟ್ರಲ್ ತಂತಿ ಕಡಿದಿದ್ದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ನುಗ್ಗಬಹುದು. ಫ್ರಿಜ್, ಟಿವಿ, ಇನ್ವರ್ಟರ್ ಒಟ್ಟಿಗೇ ಹೋಗುತ್ತವೆ. ಬೀದಿಯಲ್ಲಿ ‘ಬಂತು, ಬಂತು’ ಎಂಬ ಕೂಗು ಎದ್ದರೂ ಅಂಕಣಕಾರನ ಮನೆಯಲ್ಲಿ ಒಂದು ಬಲ್ಬಿನ ಎಂಸಿಬಿ ಬಿಟ್ಟು ಉಳಿದವೆಲ್ಲ ಕೆಳಗೇ ಇರುತ್ತವೆ. ಬೆಳಕು ಹತ್ತು ನಿಮಿಷ ಸ್ಥಿರವಾಗಿ ನಿಂತ ಮೇಲೆ ಒಂದೊಂದಾಗಿ ಮೇಲೇಳುತ್ತವೆ.

ಪರಿಹಾರದ ಬಗ್ಗೆಯೂ ಜನ ಕೇಳುತ್ತಾರೆ. 2003ರ ವಿದ್ಯುತ್ ಕಾಯ್ದೆಯ 57ನೇ ಕಲಂ ಸೇವೆಯ ಗುಣಮಟ್ಟ ತಪ್ಪಿದರೆ ಪರಿಹಾರಕ್ಕೆ ಅವಕಾಶ ಕೊಟ್ಟಿದೆ. ಕರ್ನಾಟಕದಲ್ಲಿ ಕೆಟ್ಟ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಿಸಲು ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯ ಗಡುವಿದೆ. ಬಿರುಗಾಳಿಯಂಥ ಪ್ರಕೃತಿ ವಿಕೋಪಕ್ಕೆ ವಿನಾಯಿತಿಯೂ ಇದೆ. ಆದರೂ 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಬೇಕು, ಎಷ್ಟು ದಿನವಾಯಿತು ಎಂಬ ವಾದಕ್ಕೆ ಅದೇ ಸಾಕ್ಷಿ. ತೋಟದ ನಷ್ಟದ ದಾರಿ ಬೇರೆ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋದರೆ, 2022ರ ವಿಕೋಪ ಪರಿಹಾರ ಮಾನದಂಡದಂತೆ ಮಾವಿನಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ ₹22,500, ಎರಡು ಹೆಕ್ಟೇರ್ ಮಿತಿಯಲ್ಲಿ. ಉದುರಿದ ಕಾಯಿ ಗುಡಿಸುವ ಮೊದಲು ಫೋಟೊ ತೆಗೆದಿಡುವುದು ಒಳ್ಳೆಯದು.

ಈ ಬಾರಿ ಅಂಕಣಕಾರನ ಮನೆಯ ಖರ್ಚು ಎರಡನೇ ಟ್ಯಾಂಕು, ಎರಡು ಫ್ಯಾನು, ಒಂದು ಓವರ್‌ವೋಲ್ಟೇಜ್ ಕಟ್‌ಔಟಿಗೆ ನಿಂತಿದೆ. ಬ್ಯಾಟರಿ ಸಹಿತ ಹೈಬ್ರಿಡ್ ಸೋಲಾರಿನ ಕೊಟೇಶನ್ ಕೋಲಾರದಿಂದ ಬಂದು ಮೇಜಿನ ಮೇಲಿದೆ. ಸಹಾಯಧನ ಬ್ಯಾಟರಿಗೆ ಸಿಗುವುದಿಲ್ಲ, ಮನೆಯ ಬಿಲ್ ಹೇಗೂ ಸೊನ್ನೆ. ಉಳಿತಾಯ ಎಲ್ಲಿಂದ ಬರಬೇಕು ಎಂದು ಕೇಳಿದ್ದಕ್ಕೆ ಅಂಗಡಿಯವರು ಇನ್ನೂ ಉತ್ತರ ಕೊಟ್ಟಿಲ್ಲ.