ದೃಷ್ಟಿಯಿಲ್ಲದವರಿಗೆ ದಾರಿ ತೋರುವ ಕ್ರಮ

ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಾಗಲಿ ಹುಬ್ಬಳ್ಳಿಯ ಪೇಟೆಯಲ್ಲಾಗಲಿ, ಬಿಳಿಯ ಕೋಲು ಹಿಡಿದವರೊಬ್ಬರು ರಸ್ತೆಯಂಚಿನಲ್ಲಿ ನಿಂತೊಡನೆ, ಹೇಳದೆ ಕೇಳದೆ ಹಿಂದಿನಿಂದ ಬಂದು ಅವರ ರಟ್ಟೆ ಹಿಡಿದು, ಆಚೆಯ ಬದಿಗೆ ಎಳೆದೊಯ್ದು, 'ಅಯ್ಯೋ ಪಾಪ' ಎಂದು ನಿಟ್ಟುಸಿರಿಟ್ಟು ಹೊರಟುಹೋಗುವ ಸಜ್ಜನರು ನಮ್ಮಲ್ಲಿ ವಿಪುಲವಾಗಿರುವರು. ಅವರ ಕರುಣೆಯನ್ನು ನಾನು ಶಂಕಿಸುವುದಿಲ್ಲ. ಆದರೆ ನಿಂತವರು ರಸ್ತೆ ದಾಟಬೇಕೆಂದಿದ್ದರೋ ಈಚೆಯ ಬಸ್ಸಿಗೇ ಕಾಯುತ್ತಿದ್ದರೋ ಎಂದು ವಿಚಾರಿಸುವಷ್ಟು ವ್ಯವಧಾನ ಆ ಕರುಣೆಗೆ ಇರಬೇಡವೆ?

ಬ್ರಿಸ್ಟಲ್ ನಗರದಲ್ಲಿ ಅಪಘಾತದಿಂದ ದೃಷ್ಟಿ ಕಳೆದುಕೊಂಡ ಜೇಮ್ಸ್ ಬಿಗ್ಸ್ ಎಂಬವರು, ವಾಹನದವರ ಕಣ್ಣಿಗೆ ಬೀಳಲೆಂದು 1921ರಲ್ಲಿ ತಮ್ಮ ಊರುಗೋಲಿಗೆ ಬಿಳಿಯ ಬಣ್ಣ ಬಳಿದರು. ಅಕ್ಟೋಬರ್ 15 ಈಗ ಬಿಳಿಕೋಲಿನ ದಿನವೆನಿಸಿದೆ. ಇಷ್ಟು ಪೀಠಿಕೆ ಸಾಕು.

ಮೊದಲು ಮಾತು, ಅನಂತರ ಸ್ಪರ್ಶ. ಎದುರಿಗೆ ಬಂದು, ಸಹಜವಾದ ಧ್ವನಿಯಲ್ಲಿ, 'ನಮಸ್ಕಾರ, ಏನಾದರೂ ಸಹಾಯ ಬೇಕೆ?' ಎಂದು ಕೇಳಿರಿ. ಕಿರುಚಬೇಡಿ, ಕಾಣದವರ ಕಿವಿ ನೆಟ್ಟಗೇ ಇರುತ್ತದೆ. ಜೊತೆಗೊಬ್ಬರಿದ್ದರೆ ಅವರತ್ತ ತಿರುಗಿ 'ಇವರೆಲ್ಲಿಗೆ ಹೋಗಬೇಕು?' ಎನ್ನುವುದೂ ಸಲ್ಲದು. 'ಬೇಡ' ಎಂಬ ಉತ್ತರ ಬಂದರೆ, ಪುಣ್ಯ ತಪ್ಪಿತೆಂದು ಮುನಿಸಿಕೊಳ್ಳದೆ ಮುಂದೆ ನಡೆಯಿರಿ.

ಬೇಕೆಂದರೆ, ನಿಮ್ಮ ಮೊಣಕೈಯನ್ನು ಅವರ ಕೈಹಿಂಬದಿಗೆ ತಾಗಿಸಿರಿ. ಕೋಲಿಲ್ಲದ ಕೈಯಿಂದ ಅವರೇ ನಿಮ್ಮ ಮೊಣಕೈಯ ಮೇಲ್ಭಾಗವನ್ನು ಹಿಡಿದುಕೊಳ್ಳುವರು. ನೀವು ಅರ್ಧ ಹೆಜ್ಜೆ ಮುಂದಿರಬೇಕು. ಈ ಒಂದು ವಿಷಯದಲ್ಲಿ ನಾನು ಹಟಮಾರಿಯೆಂದರೂ ಅಡ್ಡಿಯಿಲ್ಲ, ಇನ್ನೊಮ್ಮೆ ಹೇಳುವೆನು: ಹಿಡಿಯಬೇಕಾದವರು ಅವರು, ನೀವಲ್ಲ. ನಿಮ್ಮ ತೋಳನ್ನು ಅವರು ಹಿಡಿದಾಗ ನೀವು ತಿರುಗಿದ್ದು, ನಿಂತದ್ದು, ತಗ್ಗಿಗೆ ಇಳಿದದ್ದು ನಿಮ್ಮ ಮೈಯ ಚಲನೆಯಿಂದಲೇ ಅವರಿಗೆ ಮುಂಚಿತವಾಗಿ ತಿಳಿಯುತ್ತದೆ; ಬೇಡವೆನಿಸಿದರೆ ಅವರು ಕೈ ಬಿಡಬಲ್ಲರು. ನೀವೇ ಅವರನ್ನು ಹಿಡಿದು ಮುಂದಕ್ಕೆ ತಳ್ಳಿದಿರಾದರೆ, ಚರಂಡಿಯ ಕಲ್ಲಿಗೆ ಮೊದಲು ಎಡವುವುದು ಅವರ ಕಾಲು. ಕೋಲಿನ ತುದಿ ಹಿಡಿದು ಎಳೆಯುವವರಂತೂ ಇನ್ನೂ ಘಾತುಕರು: ಎಡಬಲಕ್ಕೆ ಬೀಸುತ್ತ ಮುಂದಿನ ಹೆಜ್ಜೆಯ ನೆಲವನ್ನು ಶೋಧಿಸುವ ಆ ಕೋಲನ್ನು ಕಸಿದುಕೊಳ್ಳುವುದೆಂದರೆ, ನಡೆಯುವವನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಕಾಫಿಪುಡಿಯ ಅಂಗಡಿಯ ಪರಿಮಳ, ಕಾಲಡಿಯ ಇಳಿಜಾರು, ಎಡಗಡೆಯ ವಾಹನಗಳ ಸದ್ದು ಇವುಗಳಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ದಿಕ್ಕೆಲ್ಲವೂ ಒಮ್ಮೆ ಗಿರ್ರನೆ ಎಳೆದು ತಿರುಗಿಸಿದೊಡನೆ ಅಳಿಸಿಹೋಗುತ್ತದೆ. ಅದನ್ನು ಮತ್ತೆ ಜೋಡಿಸಿಕೊಳ್ಳುವ ಶ್ರಮ ಎಳೆದವರಿಗೆ ಗೊತ್ತಾಗುವುದೇ ಇಲ್ಲ. ಮೆಟ್ರೋ ನಿಲ್ದಾಣದ ಹಳದಿ ಹಾಸುಗಲ್ಲುಗಳ ಗೆರೆಗಳು 'ನಡೆ' ಎಂದೂ ಉಬ್ಬುಚುಕ್ಕೆಗಳು 'ಎಚ್ಚರ' ಎಂದೂ ಅವರ ಪಾದಕ್ಕೆ ತಿಳಿಸುತ್ತವೆ. ಅವುಗಳ ಮೇಲೆ ಪೆಟ್ಟಿಗೆಯಿಟ್ಟು ಹರಟುವವರೇ ಆಮೇಲೆ ಕೈ ಹಿಡಿಯಲು ಧಾವಿಸುವುದು ವಿಪರ್ಯಾಸವಲ್ಲವೆ?

ಜೊತೆಗೆ ನಡೆಯುವಾಗ ಮಾತನಾಡಿರಿ. ಆದರೆ 'ಹುಟ್ಟಿನಿಂದಲೇ ಹೀಗೆಯೆ?', 'ಯಾವ ಜನ್ಮದ ಕರ್ಮವೋ' ಎಂಬ ಉಪಚಾರ ಬೇಡ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ನೆನೆದು 'ನೀವೂ ಹಾಡುತ್ತೀರಲ್ಲವೆ?' ಎನ್ನುವವರುಂಟು, ಆ ಮಹನೀಯರ ಸಂಗೀತ ದೀರ್ಘಸಾಧನೆಯ ಫಲವೇ ಹೊರತು ಅಂಧತ್ವದ ಬಳುವಳಿಯಲ್ಲ, ನಿಮ್ಮ ಜೊತೆಗಾರರು ಬ್ಯಾಂಕಿನ ಗುಮಾಸ್ತರಾಗಿದ್ದು ಶ್ರುತಿಯ ಗಂಧವೇ ಇಲ್ಲದವರೂ ಆಗಿರಬಹುದು. ಹೀನಾಯಗೊಳಿಸುವ ಉದ್ದೇಶದಿಂದ ಅಂಗವಿಕಲರನ್ನು ಸಾರ್ವಜನಿಕವಾಗಿ ಅವಮಾನಿಸಿದವರಿಗೆ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 92ನೆಯ ಪ್ರಕರಣ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆಯನ್ನು ವಿಧಿಸುತ್ತದೆಂಬುದನ್ನು, ನಗೆಚಾಟಿಕೆಯ ಶೂರರು ಅರಿತಿರಲಿ.

ಉಳಿದದ್ದು ಸಂಕ್ಷೇಪವಾಗಿ. ಮೆಟ್ಟಿಲ ಬಳಿ ನಿಂತು 'ಹತ್ತಬೇಕು' ಅಥವಾ 'ಇಳಿಯಬೇಕು' ಎಂದು ಹೇಳಿ. ಇಕ್ಕಟ್ಟಿನಲ್ಲಿ ತೋಳನ್ನು ಬೆನ್ನ ಹಿಂದಕ್ಕೆ ಸರಿಸಿದರೆ ಅವರು ನಿಮ್ಮ ಹಿಂದೆಯೇ ಬರುವರು. ಕುರ್ಚಿಗೆ ತಳ್ಳದೆ, ಅದರ ಬೆನ್ನಿನ ಮೇಲೆ ಅವರ ಕೈಯಿರಿಸಿ. ಬಸ್ಸಿನಲ್ಲಿ ಬಾಗಿಲ ಕಂಬಿಯ ಮೇಲೆ. ಹೊರಡುವಾಗ 'ಬರುತ್ತೇನೆ' ಎನ್ನಿರಿ, ಇಲ್ಲವಾದರೆ ಅವರು ಬಯಲಿನೊಡನೆ ಸಂಭಾಷಿಸುತ್ತಿರಬೇಕಾದೀತು. ಅಂಗಡಿಯವರು ಚಿಲ್ಲರೆ ಕೊಡುವಾಗ ಒಂದೊಂದು ನೋಟನ್ನೂ 'ಇದು ನೂರು, ಇದು ಐವತ್ತು' ಎಂದು ಹೆಸರಿಸಿ ಕೈಗಿಡಲಿ.